ಹಾರ್ಡ್‌ಡಿಸ್ಕ್ ಇಲ್ಲದ ಹದಿನೆಂಟು ಕಂಪ್ಯೂಟರ್‌ಗಳು

2025ರ ಅಕ್ಟೋಬರ್ ಕೊನೆಗೆ ಬಂಟ್ವಾಳದ ಕಡೆಯ ಪ್ರೌಢಶಾಲೆಯೊಂದರ ವಿಜ್ಞಾನದ ಟೀಚರ್ ಫೋನ್ ಮಾಡಿದರು. ಪರಿಚಯದವರಲ್ಲ, ಯಾರೋ ನನ್ನ ನಂಬರ್ ಕೊಟ್ಟಿದ್ದರು. ಲ್ಯಾಬಿನ ಕಂಪ್ಯೂಟರ್‌ಗಳನ್ನೆಲ್ಲ ಗುಜರಿಗೆ ಹಾಕಿ ಹೊಸತು ತೆಗೆದುಕೊಳ್ಳಿ ಎಂದು ರಿಪೇರಿಗೆ ಬರುವವರು ಹೇಳಿ ಹೋಗಿದ್ದರಂತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದಾದರೂ ಆಗಿರಬೇಕು. ಅವರಲ್ಲಿದ್ದದ್ದು ನಾಲ್ಕನೇ ತಲೆಮಾರಿನವು.

"ನಾಲ್ಕು ಜಿಬಿ ರ‍್ಯಾಮ್ ಉಂಟು ಸಾರ್, ಚೆನ್ನಾಗಿಯೇ ಓಡ್ತವೆ. ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ" ಎಂದರು ಟೀಚರ್.

ನಾಲ್ಕು ಜಿಬಿ ಎಂದು ಅವರು ಹೇಳಿದ್ದೇ ನನಗೆ ಅರುವತ್ತನಾಲ್ಕು ಎಂಬಿಯ ಲ್ಯಾಬು ಕಣ್ಣ ಮುಂದೆ ಬಂತು. ಅದರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೆ.

ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ, 2004ರ ಜೂನ್‌ನಲ್ಲಿ, ಪುತ್ತೂರು ಮತ್ತು ಸುಳ್ಯದ ನಡುವಿನ ಒಂದು ಅನುದಾನಿತ ಪ್ರೌಢಶಾಲೆಗೆ ಕಂಪ್ಯೂಟರ್ ಕಲಿಸಲು ಸೇರಿದೆ. ಸರ್ಕಾರದ ಹುದ್ದೆಯಲ್ಲ, ಆಡಳಿತ ಮಂಡಳಿ ತನ್ನ ಕೈಯಿಂದ ಕೊಡುವ ಸಂಬಳ. ಆ ಕಾಲಕ್ಕೆ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಿದ್ದವು, ನಮ್ಮ ಶಾಲೆಗೆ ಬಂದಿರಲಿಲ್ಲ. ನಮ್ಮಲ್ಲಿದ್ದದ್ದು ಎರಡೇ. ಒಂದು ಆಫೀಸಿನಲ್ಲಿ, ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ. ಇನ್ನೊಂದು ನನಗೆ, ನಲವತ್ತೈದು ಮಕ್ಕಳಿಗೆ ತೋರಿಸಲಿಕ್ಕೆ.

ತೋರಿಸುವುದು ಎಂದೇ ಹೇಳಬೇಕು, ಅದಕ್ಕಿಂತ ಹೆಚ್ಚಿನದೇನೂ ಅಲ್ಲಿ ನಡೆಯುವಂತಿರಲಿಲ್ಲ. ಮಕ್ಕಳು ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಮುಂದೆ ಜೋರಿನ ಹುಡುಗರು, ಅವರ ಹಿಂದೆ ಉಳಿದ ಹುಡುಗರು, ಗೋಡೆಗೆ ಒರಗಿಕೊಂಡು ಹುಡುಗಿಯರು. ನಾನು ಹೆಸರು ಕರೆದು ಮುಂದೆ ಕೂರಿಸಿದರೆ ಹುಡುಗಿಯರು ಮೌಸ್ ಮುಟ್ಟಿ, ಎಲ್ಲರೂ ನೋಡುತ್ತಿದ್ದಾರೆಂದು ತಟ್ಟನೆ ಕೈ ಹಿಂದೆಗೆದುಕೊಳ್ಳುತ್ತಿದ್ದರು. ವಾರಕ್ಕೆ ಒಂದು ಪೀರಿಯಡ್, ಒಂದು ಕಂಪ್ಯೂಟರ್. ಮೌಸನ್ನು ನೆಟ್ಟಗೆ ಹಿಡಿಯದೆಯೇ ಹತ್ತನೇ ತರಗತಿ ಮುಗಿಸಿ ಹೋದವರು ಆ ವರ್ಷ ಬಹಳ ಮಂದಿ ಇದ್ದರು. ಆ ದೃಶ್ಯ ನನ್ನನ್ನು ಕೊರೆಯುತ್ತಿತ್ತು, ಮುಂದೆ ಮಾಡಿದ ಎಲ್ಲ ಕೆಲಸಕ್ಕೂ ಅದೇ ಕಾರಣ.

ಮರುವರ್ಷ ಹಳೆ ವಿದ್ಯಾರ್ಥಿ ಸಂಘದಿಂದ ಸುದ್ದಿ ಬಂತು. ಬೆಂಗಳೂರಿನ ಒಂದು ಕಂಪನಿ ತನ್ನ ಹಳೆಯ ಕಂಪ್ಯೂಟರ್‌ಗಳನ್ನು ಬದಲಿಸುತ್ತಿದೆ, ಇಪ್ಪತ್ತನ್ನು ನಮ್ಮ ಶಾಲೆಗೆ ಕೊಡುತ್ತದೆ ಎಂದು. ಪುತ್ತೂರಿಗೆ ಅಕ್ಕಿ ತರುವ ಲಾರಿಯೊಂದರಲ್ಲಿ, ಗೋಣಿಗಳ ಮೇಲೆ ಟರ್ಪಾಲು ಹೊದೆಸಿಕೊಂಡು, ಶಿರಾಡಿ ಘಾಟಿಯ ಮಳೆಯಲ್ಲಿ ಅವು ಬಂದವು. ಊರಿನವರೆಲ್ಲ ಇಳಿಸಲು ಬಂದಿದ್ದರು. ಮುಚ್ಚಳ ಬಿಚ್ಚಿ ನೋಡಿದರೆ ಪೆಂಟಿಯಂ 2 ಪ್ರೊಸೆಸರ್, ಅರುವತ್ತನಾಲ್ಕು ಎಂಬಿ ರ‍್ಯಾಮ್. ಹಾರ್ಡ್‌ಡಿಸ್ಕ್ ಒಂದರಲ್ಲೂ ಇಲ್ಲ. ತಮ್ಮ ಲೆಕ್ಕಪತ್ರ ಹೊರಗೆ ಹೋಗಬಾರದೆಂದು ಕಂಪನಿಯವರು ಎಲ್ಲವನ್ನೂ ಕಳಚಿ ಇಟ್ಟುಕೊಂಡಿದ್ದರು. ಅದು ನ್ಯಾಯವೇ. ಆದರೆ ಇಪ್ಪತ್ತು ಹೊಸ ಡಿಸ್ಕ್ ಕೊಳ್ಳುವ ಹಣಕ್ಕೆ ಆಗ ಒಳ್ಳೆಯ ಹೊಸ ಕಂಪ್ಯೂಟರ್‌ಗಳೇ ಎರಡೋ ಮೂರೋ ಬರುತ್ತಿದ್ದವು. ಆಡಳಿತ ಮಂಡಳಿಯ ಹಿರಿಯರೊಬ್ಬರು ಖಾಲಿ ಡಬ್ಬಗಳನ್ನು ನೋಡಿ ಏನೂ ಹೇಳದೆ ಮನೆಗೆ ಹೋದರು.

ಡಿಸ್ಕ್ ಇಲ್ಲದ ಕಂಪ್ಯೂಟರಿಗೂ ದಾರಿ ಇದೆಯೆಂದು ನನಗೆ ಗೊತ್ತಿದ್ದದ್ದು ಒಂದು ಪತ್ರಿಕೆಯಿಂದ. 2003ರಲ್ಲಿ ಶುರುವಾದ ‘ಲಿನಕ್ಸ್ ಫಾರ್ ಯೂ’ ಎಂಬ ಇಂಗ್ಲಿಷ್ ಮಾಸಪತ್ರಿಕೆ ಸಿಡಿಯ ಜೊತೆ ಬರುತ್ತಿತ್ತು. ಮಂಗಳೂರಿಗೆ ಹೋದಾಗಲೆಲ್ಲ ಹುಡುಕಿ ತರುತ್ತಿದ್ದೆ. ಅದರಲ್ಲಿ ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಬಗ್ಗೆ ಓದಿದ್ದೆ. ಒಂದು ದೊಡ್ಡ ಕಂಪ್ಯೂಟರ್ ಸರ್ವರ್ ಆಗಿ, ಡಿಸ್ಕ್ ಇಲ್ಲದ ಉಳಿದವು ಅದರ ಕ್ಲೈಂಟ್‌ಗಳಾಗಿ ಅದರ ಬಲದಲ್ಲೇ ಓಡುವ ವ್ಯವಸ್ಥೆ ಅದು. ಅಮೆರಿಕದ ಮಿಷಿಗನ್‌ನ ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಶುರು ಮಾಡಿದ್ದು. ಅದನ್ನೇ ಶಾಲೆಗಳಿಗೆ ಹೊಂದುವಂತೆ ಓರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಎರಿಕ್ ಹ್ಯಾರಿಸನ್ ಎಂಬವರು ಮೊದಲು ರೆಡ್ ಹ್ಯಾಟ್‌ನ ಮೇಲೆ, ಆಮೇಲೆ ಫೆಡೋರಾದ ಮೇಲೆ ಕಟ್ಟಿ, ಕೆ12ಎಲ್‌ಟಿಎಸ್‌ಪಿ ಎಂದು ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದರು. ನಾರ್ವೆಯವರು 2001ರಿಂದಲೇ ಡೆಬಿಯನ್ ಮೇಲೆ ಸ್ಕೂಲೆಲಿನಕ್ಸ್ ಕಟ್ಟುತ್ತಿದ್ದರು. ನಮ್ಮದು ದೊಡ್ಡ ದೇಶಗಳಲ್ಲಿ ಆಗಿಹೋದ ಕೆಲಸ, ಹೊಸ ಸಾಹಸವಲ್ಲ ಎಂದು ಹೆಡ್ಮಾಷ್ಟ್ರಿಗೆ ಹೇಳಲು ಈ ವಿವರಗಳು ಬಹಳ ಉಪಯೋಗಕ್ಕೆ ಬಂದವು.

ಹೆಡ್ಮಾಷ್ಟ್ರು ಅದನ್ನು ಮಂಡಳಿಯ ಸಭೆಯಲ್ಲಿ ಅವರದೇ ರೀತಿಯಲ್ಲಿ ವಿವರಿಸಿದರು. "ಜಾತ್ರೆಯಲ್ಲಿ ಪ್ರತಿ ಎಲೆಗೂ ಒಂದೊಂದು ಒಲೆ ಹೂಡುತ್ತೇವಾ? ಅಡುಗೆ ಒಂದು ಕಡೆ. ಎಲೆ ಎಷ್ಟು ಬೇಕಾದರೂ ಹಾಕಬಹುದು. ಒಲೆ ಮಾತ್ರ ದೊಡ್ಡದಿರಬೇಕು." ಸಭೆಗೆ ಅರ್ಥವಾಯಿತು. ದೊಡ್ಡ ಒಲೆಗೆ ಹಣ ಕೊಡಲು ಮೂವರು ಅಡಿಕೆ ಕೃಷಿಕರು ಮುಂದೆ ಬಂದರು, ಅವರಲ್ಲೊಬ್ಬರು ಅವತ್ತು ಖಾಲಿ ಡಬ್ಬ ನೋಡಿ ಮನೆಗೆ ಹೋದವರೇ.

ಸರ್ವರ್‌ಗೆ 256 ಎಂಬಿ ರ‍್ಯಾಮ್, ಆಮೇಲೆ ಪ್ರತಿ ಕ್ಲೈಂಟ್‌ಗೆ ಐವತ್ತರಂತೆ ಕೂಡಿಸಿ ಎಂಬುದು ಆಗಿನ ಲೆಕ್ಕಾಚಾರ. ಇಪ್ಪತ್ತರಲ್ಲಿ ಎರಡು ಕಂಪ್ಯೂಟರ್ ಹೊತ್ತಿಕೊಳ್ಳಲೇ ಇಲ್ಲ. ಉಳಿದ ಹದಿನೆಂಟಕ್ಕೆ ಒಂದು ಜಿಬಿ ಮೇಲೆ ಚೂರು ಸಾಕಾಗುತ್ತಿತ್ತು, ನಾವು ಎರಡು ಜಿಬಿ ಹಾಕಿದೆವು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಇರಲೆಂದು ಎರಡು ಡಿಸ್ಕ್, ಸರ್ವರಿಗೊಂದು ಯುಪಿಎಸ್.

ಕ್ಲೈಂಟ್‌ಗಳು ಏಳುವ ಬಗೆಯನ್ನು ಇವತ್ತಿಗೂ ನಾನು ಸಂತೋಷದಿಂದ ವಿವರಿಸಬಲ್ಲೆ. ಸ್ವಿಚ್ ಹಾಕಿದೊಡನೆ ಲ್ಯಾನ್ ಕಾರ್ಡ್ ನೆಟ್‌ವರ್ಕಿಗೆಲ್ಲ ಕೇಳುವ ಹಾಗೆ ತನ್ನ ವಿಳಾಸ ಯಾವುದೆಂದು ಕೇಳುತ್ತದೆ. ಸರ್ವರ್‌ನ ಡಿಎಚ್‌ಸಿಪಿ ಒಂದು ಐಪಿ ವಿಳಾಸ ಕೊಟ್ಟು, ಇಂಥ ಕರ್ನೆಲ್ ತೆಗೆದುಕೋ ಎನ್ನುತ್ತದೆ. ಟಿಎಫ್‌ಟಿಪಿಯಲ್ಲಿ ಕರ್ನೆಲ್ ಬರುತ್ತದೆ, ಉಳಿದ ಕಡತಗಳನ್ನು ಎನ್‌ಎಫ್‌ಎಸ್ ಮೂಲಕ ಸರ್ವರ್‌ನ ಡಿಸ್ಕಿನಿಂದಲೇ ಓದಿಕೊಳ್ಳುತ್ತದೆ, ಲಾಗಿನ್ ಪರದೆ ಮೂಡುತ್ತದೆ. ಆಮೇಲೆ ಮಗು ತೆರೆಯುವ ಪ್ರತಿಯೊಂದು ಪ್ರೋಗ್ರಾಮೂ ಓಡುವುದು ಸರ್ವರಿನಲ್ಲಿ. ಕ್ಲೈಂಟ್‌ಗೆ ಚಿತ್ರ ಬಿಡಿಸುವ ಮತ್ತು ಕೀಲಿ, ಮೌಸ್‌ಗಳ ಸುದ್ದಿ ಮುಟ್ಟಿಸುವ ಕೆಲಸ ಮಾತ್ರ. ಪ್ರೋಗ್ರಾಮ್ ಒಂದು ಕಡೆ ಓಡಿ ಇನ್ನೊಂದು ಕಡೆ ಕಾಣಿಸಿಕೊಳ್ಳಬಹುದು ಎಂಬುದು 1984ರಲ್ಲಿ ಎಂಐಟಿಯಲ್ಲಿ ಎಕ್ಸ್ ವಿಂಡೋ ಸಿಸ್ಟಂ ಹುಟ್ಟಿದಾಗಲೇ ಅದರೊಳಗಿದ್ದ ಗುಣ. ಇಪ್ಪತ್ತು ವರ್ಷ ಕಳೆದು ಅದು ನಮ್ಮ ಹಂಚಿನ ಮಾಡಿನ ಕೋಣೆಯೊಳಗೆ ಕೆಲಸ ಮಾಡಿತು.

ಒಂದು ವಿವರ ನನಗೆ ಬಹಳ ಪ್ರಿಯ. ಓಪನ್ ಆಫೀಸ್ ಮೊದಲ ಸಲ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಎರಡನೆಯವನು ತೆರೆದರೆ ಕೆಲವೇ ಸೆಕೆಂಡು. ಪ್ರೋಗ್ರಾಮಿನ ಬಹುಭಾಗ ಆಗಲೇ ಸರ್ವರ್‌ನ ರ‍್ಯಾಮಿಗೆ ಬಂದಿರುತ್ತದೆ, ಉಳಿದವರೆಲ್ಲ ಅದನ್ನೇ ಹಂಚಿಕೊಳ್ಳುತ್ತಾರೆ. ಮಕ್ಕಳು ಅದನ್ನು ತಾವಾಗಿಯೇ ಕಂಡುಹಿಡಿದರು. ಪೀರಿಯಡ್ ಶುರುವಾಗುವ ಮೊದಲೇ ಯಾರಾದರೊಬ್ಬರು ಬಂದು ತೆರೆದಿಟ್ಟರೆ ಎಲ್ಲರಿಗೂ ಬೇಗ ಆಗುತ್ತದೆ ಎಂದು ಅವರೇ ಪಾಳಿ ಹಾಕಿಕೊಂಡರು.

ಬರೆದಷ್ಟು ಸಲೀಸಾಗಿ ಏನೂ ಆಗಲಿಲ್ಲ. ಕಂಪ್ಯೂಟರ್‌ಗಳ ಲ್ಯಾನ್ ಕಾರ್ಡ್‌ನಲ್ಲಿ ನೆಟ್‌ವರ್ಕಿನಿಂದ ಏಳುವ ಸೌಲಭ್ಯ ಇರಲಿಲ್ಲ. ಈಥರ್‌ಬೂಟ್ ತಂತ್ರಾಂಶವನ್ನು ಫ್ಲಾಪಿಗೆ ಬರೆದು, ಪ್ರತಿಯೊಂದಕ್ಕೂ ಒಂದೊಂದು ಫ್ಲಾಪಿ ತೂರಿಸಬೇಕಿತ್ತು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಗೋಡೆಗೇ ಬೂಸ್ಟು ಬರುತ್ತದೆ, ಫ್ಲಾಪಿ ಯಾವ ಲೆಕ್ಕ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ಏಳುತ್ತಿರಲಿಲ್ಲ, ಮರುದಿನ ಬೇರೆ ನಾಲ್ಕು. ಹೊಸ ಲ್ಯಾನ್ ಕಾರ್ಡ್‌ಗಳು ಬರುವ ತನಕ ಫ್ಲಾಪಿಗಳನ್ನು ಅಕ್ಕಿಯ ಡಬ್ಬದಲ್ಲಿ ಇಡುತ್ತಿದ್ದೆವು. ದಾನವಾಗಿ ಬಂದ ಹಬ್ ಕೂಡ ಹಳೆಯದು, ಹತ್ತು ಎಂಬಿಪಿಎಸ್‌ನದು. ಅದರಲ್ಲಿ ಒಬ್ಬರ ಮಾಹಿತಿ ಇನ್ನೊಬ್ಬರದಕ್ಕೆ ಢಿಕ್ಕಿ ಹೊಡೆದು ಹದಿನೆಂಟೂ ಪರದೆ ತೆವಳುತ್ತಿದ್ದವು. ಇಪ್ಪತ್ತನಾಲ್ಕು ಪೋರ್ಟ್‌ನ ಸ್ವಿಚ್ ಬಂದ ದಿನ ಲ್ಯಾಬಿಗೆ ಜೀವ ಬಂತು.

ಮೊದಲ ವಾರಗಳಲ್ಲಿ ಮಕ್ಕಳನ್ನು ಬೆರಗುಗೊಳಿಸಿದ್ದು ನಾನು ಎಣಿಸದೇ ಇದ್ದ ಸಂಗತಿ. ಎಂಟನೇ ತರಗತಿಯ ಹುಡುಗನೊಬ್ಬ ಟಕ್ಸ್ ಪೇಂಟಿನಲ್ಲಿ ಅಡಿಕೆ ಮರಕ್ಕೆ ಹತ್ತುವ ತನ್ನ ಅಪ್ಪನ ಚಿತ್ರ ಬಿಡಿಸಿ, ಗಂಟೆ ಹೊಡೆದಾಗ ಅರ್ಧಕ್ಕೆ ಬಿಟ್ಟು ಹೋದ. ಮುಂದಿನ ವಾರ ಅವನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಅವನು ಅಳುಮುಖ ಮಾಡಿದ. ಕಿಟಕಿಯ ಬದಿಯ ಕಂಪ್ಯೂಟರಿನಲ್ಲಿ ಅವನ ಹೆಸರು, ಪಾಸ್‌ವರ್ಡ್ ಹಾಕಿಸಿದೆ. ಅಪ್ಪ ಮರದ ಅರ್ಧದಲ್ಲಿ ಹಾಗೆಯೇ ಇದ್ದ. "ಇದು ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಸಾರ್?" ಎಂದು ಇಡೀ ತರಗತಿ ಎದ್ದು ನಿಂತಿತು. ಅವತ್ತಿನಿಂದ ‘ನನ್ನ ಕಂಪ್ಯೂಟರ್’ ಎಂದು ಯಾರೂ ಯಾರನ್ನೂ ದೂಡಲಿಲ್ಲ. ಯಾವ ಕುರ್ಚಿಯಲ್ಲಿ ಕೂತರೂ ಅವರವರ ಕೆಲಸ ಅವರವರ ಎದುರಿಗೆ ಬರುತ್ತಿತ್ತು. ಮುಂದಿನ ಸಾಲು, ಹಿಂದಿನ ಸಾಲು ಎಂಬುದಕ್ಕೆ ಅರ್ಥ ಉಳಿಯಲಿಲ್ಲ. ಒಳ್ಳೆಯ ಕಂಪ್ಯೂಟರ್, ಕೆಟ್ಟ ಕಂಪ್ಯೂಟರ್ ಎಂಬುದೂ ಇರಲಿಲ್ಲ, ಎಲ್ಲವೂ ಅದೇ ಸರ್ವರಿನ ಪರದೆಗಳು. ಇದನ್ನು ನಾನು ತಂತ್ರಜ್ಞಾನದ ಉಪಕಾರ ಎಂದೇ ತಿಳಿದಿದ್ದೇನೆ.

ಕನ್ನಡದ ಕತೆ ಬೇರೆಯೇ ಕಷ್ಟದ್ದು. ಆಫೀಸಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ನಮ್ಮ ಲ್ಯಾಬಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಆಗಿನ ಆ ಫಾಂಟ್‌ಗಳ ಸಂಕೇತವ್ಯವಸ್ಥೆ ಬೇರೆ, ಯೂನಿಕೋಡ್ ಬೇರೆ. ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟ್‌ಗಳು ಸಿಕ್ಕಿದವು. ಆದರೆ ಕೆಲವು ಪ್ರೋಗ್ರಾಮ್‌ಗಳಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಕೂತುಬಿಡುತ್ತಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಅಮ್ಮ’ ಎಂದು ಬರೆದು, ಸರಿಯಾಗಿ ಬರುವವರೆಗೆ ಅಳಿಸಿ ಬರೆದು ಮಾಡುತ್ತಿದ್ದಳು. ಅವಳ ತಪ್ಪಲ್ಲ ಎಂದು ಹೇಳಿದರೂ ಬಿಡಲಿಲ್ಲ. ಎರಡು ವರ್ಷದಲ್ಲಿ ಅದು ಬಹುಮಟ್ಟಿಗೆ ಸರಿಯಾಯಿತು. ಶಾಲೆಗಳಿಗೆಂದೇ ಮಾಡಿದ ಎಡುಬುಂಟು ಎಂಬ ಲಿನಕ್ಸ್ ಬಂದಾಗ ಎಲ್‌ಟಿಎಸ್‌ಪಿ ಅದರೊಳಗೇ ಇತ್ತು, ಕೀಬೋರ್ಡಿಗೆ ನುಡಿಯದೇ ವಿನ್ಯಾಸ ಹಾಕಿಕೊಳ್ಳಬಹುದಿತ್ತು. ಆ ಸಿಡಿಗಳನ್ನು ಕೇಳಿದವರಿಗೆ ಅಂಚೆ ಖರ್ಚೂ ಇಲ್ಲದೆ ಕಳಿಸುವ ‘ಶಿಪ್‌ಇಟ್’ ಎಂಬ ವ್ಯವಸ್ಥೆ 2011ರವರೆಗೂ ಇತ್ತು. ವಿದೇಶದ ಮೊಹರಿನ ಲಕೋಟೆ ಹಿಡಿದುಕೊಂಡು ಪೋಸ್ಟ್‌ಮ್ಯಾನ್ ಶಾಲೆಯ ಮೆಟ್ಟಿಲು ಹತ್ತಿ ಬಂದಾಗ ಮಕ್ಕಳೆಲ್ಲ ಅವರ ಹಿಂದೆ ಲ್ಯಾಬಿಗೆ ಬಂದಿದ್ದರು. ಯಾರೋ ಗುರುತಿಲ್ಲದವರು ನಮಗಾಗಿ ಇದನ್ನು ಬರೆದು ಕಳಿಸಿದ್ದಾರೆ, ನೀವೂ ಮುಂದೆ ಬೇರೆಯವರಿಗೆ ಪ್ರತಿ ಮಾಡಿ ಕೊಡಬಹುದು, ಅದು ಕಳ್ಳತನವಲ್ಲ ಎಂದು ನಾನು ಹೇಳಿದ ಮಾತನ್ನು ಅವರು ಸಂಪೂರ್ಣ ನಂಬಿದರು.

ಕರಾವಳಿಯ ಒಳನಾಡಿನಲ್ಲಿ ಕಂಪ್ಯೂಟರ್ ಇಟ್ಟವರಿಗೆ ದೊಡ್ಡ ಶತ್ರು ಸಿಡಿಲು. ಪತ್ತನಾಜೆಗೆ ಮೊದಲಿನ ಬೇಸಿಗೆ ಮಳೆಯಲ್ಲಿ, ಆಮೇಲೆ ಅಕ್ಟೋಬರ್‌ನಲ್ಲಿ, ಮಧ್ಯಾಹ್ನ ಮೂರು ಗಂಟೆಯ ನಂತರ ಆಕಾಶ ಕಪ್ಪಾಯಿತೆಂದರೆ ಮನೆಮನೆಗಳಲ್ಲಿ ಟಿವಿ, ಫೋನಿನ ತಂತಿ ಕೀಳುತ್ತಾರೆ. ನಮ್ಮ ಲ್ಯಾಬಿನಿಂದ ಆಫೀಸಿಗೆ ಅಂಗಳದ ಮೇಲಿನಿಂದ ಒಂದು ಲ್ಯಾನ್ ತಂತಿ ಎಳೆದಿದ್ದೆವು. ಹತ್ತಿರದ ತೋಟಕ್ಕೆ ಬಿದ್ದ ಸಿಡಿಲಿನ ಶಕ್ತಿ ಆ ತಂತಿಯಲ್ಲೇ ಹರಿದು ಒಳಬಂತು. ಸ್ವಿಚ್ ಸತ್ತಿತು, ಕ್ಲೈಂಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಲ್ಯಾನ್ ಕಾರ್ಡ್ ಸುಟ್ಟವು. ಸರ್ವರ್ ಉಳಿದದ್ದು ದೂರದ ಮೊದಲ ಗುಡುಗಿಗೇ ಒಬ್ಬ ಹುಡುಗ ಅದರ ತಂತಿ ಕಿತ್ತಿಟ್ಟಿದ್ದರಿಂದ. ಮನೆಯಲ್ಲಿ ಮಾಡುವುದನ್ನೇ ಇಲ್ಲೂ ಮಾಡಿದೆ ಎಂದ ಅವನು. ಸುಟ್ಟ ಕಾರ್ಡ್‌ಗಳು ಇನ್ನೂರು ಚಿಲ್ಲರೆ ರೂಪಾಯಿಯವು, ಒಂದು ವಾರದಲ್ಲಿ ಬದಲಾಯಿಸಿದೆವು. ಮಕ್ಕಳ ಒಂದೇ ಒಂದು ಕಡತವೂ ಹೋಗಲಿಲ್ಲ, ಎಲ್ಲವೂ ಸರ್ವರಿನಲ್ಲಿದ್ದವು. ಆಮೇಲೆ ಆಫೀಸಿಗೆ ಎಳೆದ ತಂತಿಯನ್ನೇ ತೆಗೆಸಿದೆ.

ಈ ವ್ಯವಸ್ಥೆಯನ್ನು ಬರೀ ಹೊಗಳಿ ಬರೆದರೆ ಸುಳ್ಳಾಗುತ್ತದೆ. ಅದರಲ್ಲಿ ವಿಡಿಯೊ ನೋಡಲು ಆಗುತ್ತಿರಲಿಲ್ಲ. ಪರದೆ ತುಂಬುವ ವಿಡಿಯೊವನ್ನು ಇಬ್ಬರು ಹಾಕಿದರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತಿತ್ತು. ಶಬ್ದ ಕೇಳುತ್ತಿರಲಿಲ್ಲ, ಹಾಗಾಗಿ ಇಂಗ್ಲಿಷ್ ಉಚ್ಚಾರಣೆ ಕಲಿಸುವ ಟೀಚರಮ್ಮನಿಗೆ ಲ್ಯಾಬಿನಿಂದ ಉಪಯೋಗವಾಗಲೇ ಇಲ್ಲ. ಬಣ್ಣದ ಗೆರೆಗಳು ಕುಣಿಯುವ ಸ್ಕ್ರೀನ್‌ಸೇವರ್ ಮಕ್ಕಳಿಗೆ ಇಷ್ಟ, ಆದರೆ ಹತ್ತು ಪರದೆಗಳಲ್ಲಿ ಅದು ಕುಣಿದರೆ ಸರ್ವರಿನ ಶಕ್ತಿಯೆಲ್ಲ ಅದಕ್ಕೇ. ತೆಗೆದುಹಾಕಬೇಕಾಯಿತು. ಲಾಗ್ ಔಟ್ ಆದ ಮೇಲೂ ಯಾರದೋ ಫೈರ್‌ಫಾಕ್ಸ್ ಸಾಯದೆ ಉಳಿದು ಎಲ್ಲರ ಕೆಲಸವನ್ನು ನಿಧಾನ ಮಾಡುತ್ತಿತ್ತು. ಕರೆಂಟು ಹೋದರೆ ಸರ್ವರ್ ಯುಪಿಎಸ್‌ನಲ್ಲಿ ಓಡುತ್ತಿತ್ತು, ಕ್ಲೈಂಟ್‌ಗಳು ಆರುತ್ತಿದ್ದವು, ಉಳಿಸದೇ ಇದ್ದ ಕೆಲಸ ಹೋಗುತ್ತಿತ್ತು. ಐದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುವುದನ್ನು ಮಕ್ಕಳು ಮೊದಲ ಪಾಠವಾಗಿ ಕಲಿತರು. ಎಲ್ಲಕ್ಕಿಂತ ದೊಡ್ಡದು, ಸರ್ವರ್ ಮಲಗಿದರೆ ಹದಿನೆಂಟೂ ಮಲಗುತ್ತಿದ್ದವು. ಬಿಡಿ ಕಂಪ್ಯೂಟರ್‌ಗಳ ಲ್ಯಾಬಿನಲ್ಲಿ ಒಂದು ಕೆಟ್ಟರೆ ಉಳಿದವು ಇರುತ್ತವೆ. ನಮ್ಮಲ್ಲಿ ಆ ದಿನ ಪಾಠವೇ ಇಲ್ಲ.

ಆದರೂ ಆ ಲ್ಯಾಬು ಏನನ್ನು ಮಾಡಬಲ್ಲದು ಎಂದು ನಾನು ಕಂಡದ್ದು ಗಣಿತದ ಮಾಷ್ಟ್ರಿಂದ. ಐವತ್ತು ದಾಟಿದವರು, ಬಿಳಿ ಪಂಚೆ, ಕೈಯಲ್ಲಿ ಸದಾ ಮರದ ಕೋನಮಾಪಕ. ಕಂಪ್ಯೂಟರ್ ಬಗ್ಗೆ ಅವರಿಗೆ ಭಕ್ತಿಯೂ ಇರಲಿಲ್ಲ, ಭಯವೂ ಇರಲಿಲ್ಲ. ಒಂದು ಸಂಜೆ ನಾನು ಅವರಿಗೆ ಕಿಗ್ ಎಂಬ ರೇಖಾಗಣಿತದ ಪ್ರೋಗ್ರಾಮ್ ತೋರಿಸಿದೆ. ಮರುದಿನವೇ ಹತ್ತನೇ ತರಗತಿಯನ್ನು ಕರೆದುಕೊಂಡು ಬಂದರು. ಒಂದೊಂದು ಪರದೆಗೆ ಇಬ್ಬರು ಮೂವರು ಕೂತರು. ವೃತ್ತ ಎಳೆಯಿರಿ, ವ್ಯಾಸ ಎಳೆಯಿರಿ, ಪರಿಧಿಯ ಮೇಲೆ ಒಂದು ಬಿಂದು ಇಟ್ಟು ವ್ಯಾಸದ ಎರಡೂ ತುದಿಗೆ ಸೇರಿಸಿ, ಕೋನ ಅಳೆಯಿರಿ. ತೊಂಬತ್ತು. ಈಗ ಆ ಬಿಂದುವನ್ನು ಹಿಡಿದು ಎಳೆಯಿರಿ. ಬಿಂದು ವೃತ್ತದ ಮೇಲೆ ಸುತ್ತಿತು, ತ್ರಿಭುಜ ಅಗಲವಾಯಿತು, ಸಪೂರವಾಯಿತು, ತೊಂಬತ್ತು ಮಾತ್ರ ಅಲುಗಲಿಲ್ಲ. ಹದಿನೆಂಟು ಪರದೆಗಳ ಮೇಲೆ ಹದಿನೆಂಟು ಬೇರೆ ಬೇರೆ ವೃತ್ತಗಳು, ಎಲ್ಲದರಲ್ಲೂ ತೊಂಬತ್ತು.

ಒಬ್ಬಳು ಹುಡುಗಿ ಕೇಳಿದಳು, "ಬಿಂದು ವೃತ್ತದ ಒಳಗೆ ಹೋದ್ರೆ ಎಂತ ಆಗ್ತದೆ ಸಾರ್?" ತರಗತಿಯಲ್ಲಿ ಅವಳ ಸ್ವರ ಕೇಳಿದವರೇ ಕಡಿಮೆ. ಮಾಷ್ಟ್ರು ಉತ್ತರ ಹೇಳಲಿಲ್ಲ. ಪರಿಧಿಗೆ ಅಂಟದ ಬಿಡಿ ಬಿಂದುವನ್ನು ಇಡುವುದು ಹೇಗೆ ಎಂದು ನನ್ನಿಂದ ಹೇಳಿಸಿ, "ನೀನೇ ನೋಡು" ಎಂದರು. ಅವಳು ಬಿಂದುವನ್ನು ಒಳಗೆ ತಂದಳು, ಕೋನ ತೊಂಬತ್ತನ್ನು ದಾಟಿತು. ಹೊರಗೆ ಎಳೆದಳು, ತೊಂಬತ್ತಕ್ಕಿಂತ ಇಳಿಯಿತು. ಅವಳು ಒಳಗೆ ಹೊರಗೆ ಮತ್ತೆ ಮತ್ತೆ ಎಳೆದು, "ಹಾಗಾದ್ರೆ ವೃತ್ತ ಅಂದ್ರೆ ತೊಂಬತ್ತು ಬರುವ ಜಾಗ ಅಲ್ವಾ ಸಾರ್" ಎಂದಳು. ಪುಸ್ತಕದಲ್ಲಿ ಪ್ರಮೇಯ ಒಂದು ದಿಕ್ಕಿನಿಂದ ಇತ್ತು, ಅವಳು ಅದನ್ನು ಮರುದಿಕ್ಕಿನಿಂದ ಹಿಡಿದಿದ್ದಳು. ಮಾಷ್ಟ್ರು ಅವತ್ತು ಮನೆಗೆ ಹೋಗುವ ಬಸ್ಸು ಬಿಟ್ಟು ನನ್ನ ಜೊತೆ ಲ್ಯಾಬಿನಲ್ಲೇ ಕೂತರು. ಚಾಕ್‌ನಲ್ಲಿ ಇಟ್ಟ ಬಿಂದು ಅಲ್ಲಾಡುವುದಿಲ್ಲ, ಹಾಗಾಗಿ ಇಷ್ಟು ವರ್ಷ ಯಾರೂ ಈ ಪ್ರಶ್ನೆ ಕೇಳಲಿಲ್ಲ ಎಂದರು.

ನಾನು ಬೆಂಗಳೂರಿಗೆ ಹೊರಟದ್ದು 2009ರ ಬೇಸಿಗೆಯಲ್ಲಿ. ಮಂಡಳಿಯ ಸಂಬಳದಲ್ಲಿ ಮನೆ ನಡೆಸಲು ಆಗುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಹೊರಡುವ ಮೊದಲು ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಪಾಸ್‌ವರ್ಡ್‌ಗಳು, ಹೊಸ ಮಕ್ಕಳ ಹೆಸರು ಸೇರಿಸುವ ಕ್ರಮ, ಕ್ಲೈಂಟ್ ಏಳದಿದ್ದರೆ ಮೊದಲು ನೋಡಬೇಕಾದ್ದು, ಬ್ಯಾಕಪ್. ಹೆಡ್ಮಾಷ್ಟ್ರು ಅದನ್ನು ಆಫೀಸಿನ ಕಪಾಟಿನಲ್ಲಿಟ್ಟರು. ನನ್ನ ಜಾಗಕ್ಕೆ ಬಂದವರಿಗೆ ವಿಂಡೋಸ್ ಮಾತ್ರ ಗೊತ್ತಿತ್ತು. ಒಂದು ಡಿಸ್ಕ್ ಕೆಟ್ಟಿತು, ಇನ್ನೊಂದರ ಮೇಲೆ ಓಡುತ್ತಿದೆ ಎಂಬುದು ಯಾರಿಗೂ ತಿಳಿಯಲಿಲ್ಲ, ಕೆಲವು ತಿಂಗಳ ಮೇಲೆ ಅದೂ ಹೋಯಿತು. ಅಷ್ಟರಲ್ಲಿ ಜನಪ್ರತಿನಿಧಿಯೊಬ್ಬರ ನಿಧಿಯಿಂದ ಆರು ಹೊಸ ಕಂಪ್ಯೂಟರ್ ಬಂದವು. ಹದಿನೆಂಟನ್ನೂ ಗುಜರಿಯವರು ತೂಕಕ್ಕೆ ಕೊಂಡೊಯ್ದರು.

ಬಹಳ ವರ್ಷ ಇದಕ್ಕೆ ಆ ಹೊಸ ಶಿಕ್ಷಕರನ್ನು ಮನಸ್ಸಿನಲ್ಲೇ ದೂರುತ್ತಿದ್ದೆ. ಅದು ಅನ್ಯಾಯ ಎಂದು ಗೊತ್ತಾದದ್ದು ಗಡಿಯಾಚೆಯ ಒಂದು ಶಾಲೆಯನ್ನು ನೋಡಿದ ಮೇಲೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅವು ಕೇರಳ ಸರ್ಕಾರದ ಆಡಳಿತದಲ್ಲಿವೆ. ಅಂಥ ಒಂದರಲ್ಲಿ ನನ್ನ ದೂರದ ಸಂಬಂಧಿಯೊಬ್ಬರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಶಾಲೆಯಿಂದ ಬೈಕಿನಲ್ಲಿ ಒಂದು ಗಂಟೆಯ ದಾರಿ. ಅವರ ಲ್ಯಾಬಿನಲ್ಲಿ ನಮ್ಮಲ್ಲಿದ್ದಂಥ ಥಿನ್ ಕ್ಲೈಂಟ್ ಇರಲಿಲ್ಲ, ಸಾಮಾನ್ಯ ಕಂಪ್ಯೂಟರ್‌ಗಳೇ. ಆದರೆ ಎಲ್ಲದರಲ್ಲೂ ಲಿನಕ್ಸ್. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಕೇರಳದ ಶಾಲೆಗಳಿಗೆಲ್ಲ ಮುಕ್ತ ತಂತ್ರಾಂಶ ತಂದಿತ್ತು. ಅದೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಎಸ್ಸೆಸೆಲ್ಸಿಯಲ್ಲಿ ಐಟಿ ಒಂದು ವಿಷಯ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ. ಪಠ್ಯಪುಸ್ತಕ ಆ ಮಕ್ಕಳಿಗೆ ಕನ್ನಡದಲ್ಲಿ.

ನನ್ನನ್ನು ತಟ್ಟಿದ್ದು ಇದಾವುದೂ ಅಲ್ಲ. ಲ್ಯಾಬಿನ ಜವಾಬ್ದಾರಿ ಹೊತ್ತಿದ್ದವರು ಕಂಪ್ಯೂಟರ್ ಓದಿದವರಲ್ಲ, ಅದೇ ಶಾಲೆಯ ಹಿಂದಿ ಟೀಚರ್. ಅವರನ್ನು ಶಾಲೆಯ ಐಟಿ ಸಂಯೋಜಕಿ ಎಂದು ನೇಮಿಸಿ ತರಬೇತಿ ಕೊಟ್ಟಿದ್ದರು. ಜಿಲ್ಲೆಯಲ್ಲಿ ಮಾಸ್ಟರ್ ಟ್ರೈನರ್‌ಗಳು, ಅವರೂ ಶಿಕ್ಷಕರೇ. ಮಕ್ಕಳಲ್ಲೂ ಕೆಲವರಿಗೆ ಯಂತ್ರ ಬಿಚ್ಚಿ ಸರಿಮಾಡುವ ತರಬೇತಿ. ನನ್ನ ಸಂಬಂಧಿ ನಕ್ಷೆಯ ಪಾಠವನ್ನು ತಾವೇ ಕಂಪ್ಯೂಟರಿನಲ್ಲಿ ತಯಾರಿಸಿ ಕಲಿಸುತ್ತಿದ್ದರು. ಹಿಂದಿ ಟೀಚರ್ ವರ್ಗವಾಗಿ ಹೋದರೆ ಲ್ಯಾಬು ಏನಾಗುತ್ತದೆ ಎಂದು ಕೇಳಿದೆ. "ಎಂತ ಆಗ್ಲಿಕ್ಕುಂಟು? ಇನ್ನೊಬ್ಬರು ನೋಡಿಕೊಳ್ತಾರೆ. ಎಲ್ಲರಿಗೂ ಟ್ರೈನಿಂಗ್ ಆಗಿದೆಯಲ್ಲ" ಎಂದರು.

ನಮ್ಮಲ್ಲಿ ಹಾಗೆ ಇರಲಿಲ್ಲ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಎಂದರೆ ನಾನು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೂ ಆ ಕಾಲದ ಐಸಿಟಿ ಯೋಜನೆ ಬಹುಪಾಲು ಗುತ್ತಿಗೆಯದು. ಹೊರಗಿನ ಸಂಸ್ಥೆ ಕಂಪ್ಯೂಟರ್ ತಂದಿಟ್ಟು, ತನ್ನ ಬೋಧಕರನ್ನು ಕಳಿಸಿ, ಅವಧಿ ಮುಗಿದ ಮೇಲೆ ಶಾಲೆಗೆ ಬಿಟ್ಟು ಹೋಗುತ್ತಿತ್ತು. ಶಾಲೆಯ ಮಾಷ್ಟ್ರು ಟೀಚರುಗಳಿಗೆ ಅದರಲ್ಲಿ ಪಾಲೇ ಇರುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಆಗಲೇ ಎತ್ತಿ ತೋರಿಸಿತ್ತು. ಆಮೇಲೆ ನಮ್ಮ ರಾಜ್ಯದಲ್ಲೂ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರ ವೇದಿಕೆಗಳಲ್ಲಿ ಉಬುಂಟು ಮತ್ತು ಜಿಯೋಜೀಬ್ರಾ ಎಂಬ ಗಣಿತದ ಪ್ರೋಗ್ರಾಮ್ ಕಲಿಸುವ ಕೆಲಸ ನಡೆಯಿತು. ನಮ್ಮ ಹದಿನೆಂಟಕ್ಕೆ ಅದು ತಡವಾಗಿತ್ತು.

ಬಂಟ್ವಾಳದ ಟೀಚರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ. ಯಂತ್ರಗಳನ್ನು ಬಿಸಾಡಬೇಡಿ ಎಂದೆ. ಈಗ ಎಲ್‌ಟಿಎಸ್‌ಪಿಯೂ ಬದಲಾಗಿದೆ. ಗ್ರೀಸ್‌ನ ಶಾಲೆಗಳ ಅನುಭವದಿಂದ ಅಲ್ಕಿಸ್ ಜಾರ್ಗೊಪುಲೋಸ್ ಎಂಬವರು 2019ರಲ್ಲಿ ಅದನ್ನು ಮೊದಲಿನಿಂದ ಹೊಸದಾಗಿ ಬರೆದರು. ಕ್ಲೈಂಟ್ ಈಗಲೂ ಸರ್ವರಿನಿಂದಲೇ ಏಳುತ್ತದೆ, ಮಕ್ಕಳ ಕಡತ ಸರ್ವರಿನಲ್ಲೇ ಇರುತ್ತದೆ, ಆದರೆ ಪ್ರೋಗ್ರಾಮ್ ಕ್ಲೈಂಟಿನ ಸ್ವಂತ ಪ್ರೊಸೆಸರಿನಲ್ಲಿ ಓಡುತ್ತದೆ. ಹಾಗಾಗಿ ವಿಡಿಯೊ, ಶಬ್ದ ಎರಡೂ ಸರಾಗ. ನಾಲ್ಕು ಜಿಬಿಯ ಯಂತ್ರಕ್ಕೆ ಅದು ಧಾರಾಳ. ಇಷ್ಟು ಹೇಳಿ, ನಿಮ್ಮ ಶಾಲೆಯಿಂದ ಬೇರೆ ಯಾರಾದರೂ ಇಬ್ಬರು ಕಲಿಯಲು ಬರುತ್ತಾರಾ ಎಂದು ಕೇಳಿದೆ. ದೈಹಿಕ ಶಿಕ್ಷಣದವರನ್ನೂ ಕನ್ನಡ ಪಂಡಿತರನ್ನೂ ಕೇಳಿ ನೋಡುತ್ತೇನೆ ಎಂದರು.

ಗಣಿತದ ಮಾಷ್ಟ್ರು ನಿವೃತ್ತರಾಗಿ ವರ್ಷಗಳಾದವು. ಹೋದ ಮೇ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದರು. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಜಿಯೋಜೀಬ್ರಾ ಇದೆಯಂತೆ, ಈಗಲೂ ಪ್ರಮೇಯಗಳನ್ನು ಎಳೆದು ನೋಡುತ್ತಾರಂತೆ. ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಿದ್ದೆವು. ಹಳೆಯ ಲ್ಯಾಬಿನ ಮಾತು ಬಂತು.

"ನಾನೊಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ" ಎಂದರು. "ಹದಿನೆಂಟು ಬೇಕಿರಲಿಲ್ಲ. ಆ ಹಣಕ್ಕೆ ಮೂರು ಒಳ್ಳೆಯ ಕಂಪ್ಯೂಟರ್ ತೆಗೆದುಕೊಂಡು, ನಮ್ಮನ್ನು, ಮಾಷ್ಟ್ರುಗಳನ್ನು, ಕೂರಿಸಿ ಕಲಿಸಿದ್ದಿದ್ರೆ ಅದು ಇವತ್ತಿಗೂ ನಡೀತಾ ಇರ್ತಿತ್ತು."

ಅರ್ಧ ಒಪ್ಪಿದೆ. ಅರ್ಧ ಒಪ್ಪಲಾಗಲಿಲ್ಲ. ಮೂರು ಇದ್ದಿದ್ದರೆ ಅದರ ಸುತ್ತ ಮತ್ತೆ ಅದೇ ಮುತ್ತಿಗೆ ನಡೆಯುತ್ತಿತ್ತು, ಹುಡುಗಿಯರು ಮತ್ತೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು ಎಂದೆ. "ಬಿಂದು ಒಳಗೆ ಹೋದ್ರೆ ಎಂತ ಆಗ್ತದೆ ಅಂತ ಕೇಳಿದ ಹುಡುಗಿ ನಿಮ್ಮ ಕ್ಲಾಸಿನಲ್ಲಿ ಎಲ್ಲಿ ಕೂರ್ತಿದ್ದಳು ಮಾಷ್ಟ್ರೇ?"

"ಕೊನೇ ಬೆಂಚು" ಎಂದರು. ಒಪ್ಪಿದರು ಎಂದುಕೊಂಡೆ. ಅವರು ಎಲೆಯ ಮೇಲಿನ ಅನ್ನವನ್ನು ಬದಿಗೆ ಸರಿಸಿ ನನ್ನ ಕಡೆ ತಿರುಗಿದರು. "ಆದ್ರೂ ನಾನು ಹೇಳಿದ್ದು ಸುಳ್ಳಲ್ಲ ಮಾರಾಯ್ರೇ. ನೀವು ಬರೆದಿಟ್ಟ ಪುಸ್ತಕ ಅಲ್ಲೇ ಕಪಾಟಿನಲ್ಲಿತ್ತು. ಸರ್ವರ್ ಹಾಳಾದ ದಿನ ನಾನೇ ಅದನ್ನು ತೆಗೆದದ್ದು. ಕನ್ನಡದಲ್ಲೇ ಉಂಟು, ಒಂದೊಂದು ಸಾಲೂ ಅರ್ಥ ಆಗ್ತದೆ. ಆದ್ರೆ ಕೀಬೋರ್ಡಿನ ಮೇಲೆ ಬೆರಳಿಡುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ."